ಹಳೆ ಕಾರಿನ ಮಿಸ್ಸಿಂಗ್: ಸಾಮಾನು ಬದಲಿಸುವ ಮೊದಲು ಸಿಲಿಂಡರ್ ಹುಡುಕಿ

ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ಮನೆಗೆ ಬಂದ ಕೆಲವೇ ದಿನಕ್ಕೆ ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದ ತಕರಾರು, ಶುರುವಾಗುವುದುಂಟು. ಸಿಗ್ನಲ್‌ನಲ್ಲಿ ನಿಂತರೆ ಸ್ಟಿಯರಿಂಗ್ ನಡುಗುತ್ತದೆ, ಏರು ಹತ್ತುವಾಗ ಜರ್ಕ್ ಹೊಡೆಯುತ್ತದೆ, ಪಿಕಪ್ ಇಲ್ಲ. ಗ್ಯಾರೇಜಿನಲ್ಲಿ ಮೊದಲು ಕಿಡಿ ಹಾರಿಸುವ ಪ್ಲಗ್ ಬದಲಿಸುತ್ತಾರೆ, ಆಮೇಲೆ ಅದಕ್ಕೆ ವೋಲ್ಟೇಜ್ ಕೊಡುವ ಕಾಯಿಲ್, ಆಮೇಲೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕ್ಲೀನಿಂಗ್. ಕೊನೆಗೆ ‘ಪೆಟ್ರೋಲೇ ಸರಿಯಿಲ್ಲ ಸಾರ್’ ಎನ್ನುತ್ತಾರೆ. ಯಾವ ಸಿಲಿಂಡರ್ ಉರಿಯುತ್ತಿಲ್ಲ ಎಂಬುದು ಗೊತ್ತಾಗುವವರೆಗೆ ಒಂದು ಸಾಮಾನನ್ನೂ ಕೊಳ್ಳಬೇಡಿ. ಇಲ್ಲಿನ ಕ್ರಮ 2024ರ ಹೊಸ ಮಾದರಿಗಿಂತ ಹಿಂದಿನ ಮಾರುತಿ ಸ್ವಿಫ್ಟ್‌ನ 1.2 ಲೀಟರ್ ಎಂಜಿನ್ನಿನಂತೆ ನಾಲ್ಕು ಸಿಲಿಂಡರ್, ಪ್ರತಿ ಪ್ಲಗ್ಗಿನ ಮೇಲೊಂದು ಕಾಯಿಲ್ ಇರುವ ಕಾರುಗಳಿಗೆ ಹೊಂದುತ್ತದೆ.

ದೀಪ ಮಿನುಗಿದರೆ ನಿಲ್ಲಿಸಿ

ಡ್ಯಾಶ್‌ಬೋರ್ಡಿನ ಹಳದಿ ಎಂಜಿನ್ ದೀಪ ಒಂದೇ ಸಮ ಉರಿಯುತ್ತಿದ್ದರೆ ನಿಧಾನವಾಗಿ ಮನೆಗೆ ಹೋಗಬಹುದು. ಮಿನುಗುತ್ತಿದ್ದರೆ ಆಕ್ಸಿಲರೇಟರ್ ಬಿಟ್ಟು ಪಕ್ಕಕ್ಕೆ ನಿಲ್ಲಿಸಿ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಸೆರಾಮಿಕ್ ಕರಗಿ ದಾರಿಯೇ ಕಟ್ಟಿಕೊಳ್ಳಬಹುದು. ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂನಂಥ ಲೋಹಗಳಿರುವ ಭಾಗ ಅದು. ಅದರ ಬೆಲೆಯ ಮುಂದೆ ಕಾಯಿಲ್‌ನ ಖರ್ಚು ಏನೂ ಅಲ್ಲ.

ನಡುಕವೆಲ್ಲ ಮಿಸ್ಸಿಂಗ್ ಅಲ್ಲ ಎಂಬುದೂ ನೆನಪಿರಲಿ. ಎಂಜಿನ್ ಹಿಡಿದಿಡುವ ರಬ್ಬರ್ ಮೌಂಟಿಂಗ್ ಒಡೆದಿದ್ದರೂ ಗಾಡಿ ನಡುಗುತ್ತದೆ. ಸೈಲೆನ್ಸರ್ ತುದಿಯಿಂದ ಒಂದಡಿ ದೂರದಲ್ಲಿ ಅಂಗೈ ಹಿಡಿದು ನೋಡಿ. ಹೊಗೆ ಒಂದೇ ಲಯದಲ್ಲಿ ಬರುತ್ತಿದ್ದರೆ ಮೌಂಟಿಂಗ್ ಮೇಲೆ ಅನುಮಾನ ಪಡಿ. ನಡುನಡುವೆ ಒಂದೊಂದು ಬಡಿತ ತಪ್ಪುತ್ತಿದ್ದರೆ ಅದು ಮಿಸ್ಸಿಂಗ್.

ಕೋಡ್ ಓದಿ, ಅಳಿಸಬೇಡಿ

2013ರ ಏಪ್ರಿಲ್ ನಂತರ ತಯಾರಾದ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಭಾಗದಲ್ಲಿ ಎಂಜಿನ್ ದೋಷದ ಕೋಡ್ ಓದಲು 16 ಪಿನ್ನಿನ ಒಬಿಡಿ-2 ಸಾಕೆಟ್ ಇರುತ್ತದೆ. ಸಾಧಾರಣ ಬ್ಲೂಟೂತ್ ಸ್ಕ್ಯಾನರ್, ಮೊಬೈಲ್‌ನಲ್ಲೊಂದು ಆ್ಯಪ್ ಇದ್ದರೆ ಸಾಕು. ಪಿ0301ರಿಂದ ಪಿ0304ರವರೆಗಿನ ಕೋಡ್‌ಗಳಲ್ಲಿ ಕೊನೆಯ ಅಂಕಿಯೇ ಸಿಲಿಂಡರ್ ಸಂಖ್ಯೆ. ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಟೈಮಿಂಗ್ ಚೈನ್ ಇರುವ ತುದಿಯದು 1ನೇ ಸಿಲಿಂಡರ್. ಪಿ0300 ಬಂದರೆ ಮಿಸ್ಸಿಂಗ್ ಒಂದೇ ಕಡೆ ನಿಂತಿಲ್ಲ ಎಂದರ್ಥ. ಅದರ ದಾರಿ ಬೇರೆ, ಮುಂದೆ ಹೇಳಿದೆ. ಜೊತೆಗೆ ಪಿ0351–ಪಿ0354 ಇದ್ದರೆ ಕಾಯಿಲ್‌ನ ಸರ್ಕಿಟ್, ಪಿ0201–ಪಿ0204 ಇದ್ದರೆ ಇಂಜೆಕ್ಟರ್‌ನ ಸರ್ಕಿಟ್. ಆಗ ವೈರು, ಕನೆಕ್ಟರ್ ಮೊದಲು ನೋಡಬೇಕು.

ಕೋಡ್ ಜೊತೆ ದಾಖಲಾಗಿರುವ ಫ್ರೀಜ್ ಫ್ರೇಮ್ ಕೂಡ ಬರೆದಿಟ್ಟುಕೊಳ್ಳಿ. ಆ ಕ್ಷಣದ ಆರ್‌ಪಿಎಂ, ಲೋಡ್, ಕೂಲಂಟ್ ಬಿಸಿ ಎಲ್ಲ ಅದರಲ್ಲಿರುತ್ತದೆ. ತಣ್ಣಗಿರುವಾಗ ಮಾತ್ರವೇ, ಏರಿನಲ್ಲಿ ಮಾತ್ರವೇ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಹಳೆ ಕಾರು ಕೊಳ್ಳುವವರು ತಪ್ಪದೆ ನೋಡಬೇಕಾದ ಸ್ಕ್ಯಾನರ್‌ನ ಇನ್ನೊಂದು ಪುಟ ರೆಡಿನೆಸ್ ಮಾನಿಟರ್‌ಗಳದ್ದು, ಅಂದರೆ ಕಾರಿನ ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ಪರೀಕ್ಷೆಗಳು ಮುಗಿದಿವೆಯೇ ಎಂದು ತೋರಿಸುವುದು. ಕೋಡ್ ಒಂದೂ ಇಲ್ಲ, ಆದರೆ ಹೆಚ್ಚಿನ ಮಾನಿಟರ್‌ಗಳು ‘ನಾಟ್ ರೆಡಿ’ ಎನ್ನುತ್ತಿವೆ ಎಂದರೆ ಇತ್ತೀಚೆಗೆ ಯಾರೋ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಮಾರುವವರು ಏನು ಹೇಳುತ್ತಾರೆಂದು ಕೇಳಿ, ವ್ಯವಹಾರ ಮುಂದುವರಿಸುವ ಮೊದಲು ಒಂದಷ್ಟು ದೂರ ಓಡಿಸಿ ಮತ್ತೆ ಸ್ಕ್ಯಾನ್ ಮಾಡಿ.

ಬಾನೆಟ್ ಎತ್ತಿ, ಕಣ್ಣಲ್ಲಿ ನೋಡಿ

ಮಾರಾಟಕ್ಕೆ ಮುಂಚೆ ಎಂಜಿನ್ನಿಗೆ ಜೋರಾಗಿ ನೀರು ಹೊಡೆದು ಹೊಳಪು ಬರಿಸುವುದು ವಾಡಿಕೆ. ಆ ನೀರು ಪ್ಲಗ್ ಕೂರುವ ಗುಂಡಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಎಂಜಿನ್ ತಣ್ಣಗಾದ ಮೇಲೆ ಇಗ್ನಿಷನ್ ಆಫ್ ಮಾಡಿ, ಕಾಯಿಲ್ ಎತ್ತಿ ಟಾರ್ಚ್ ಹಾಕಿ ನೋಡಿ. ನೀರಿದ್ದರೆ ಪ್ಲಗ್ ಬಿಚ್ಚುವ ಮೊದಲೇ ಗಾಳಿ ಹೊಡೆದು ಒಣಗಿಸಿ. ಎಣ್ಣೆ ಇದ್ದರೆ ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಅಥವಾ ಪ್ಲಗ್ ಟ್ಯೂಬಿನ ಸೀಲ್ ಸೋರುತ್ತಿದೆ. ಅದನ್ನು ಹಾಗೇ ಬಿಟ್ಟು ಹೊಸ ಕಾಯಿಲ್ ಹಾಕಿದರೆ ಅದರ ರಬ್ಬರ್ ಬೂಟ್ ಕೂಡ ಮೆತ್ತಗಾಗಿ ಹೋಗುತ್ತದೆ. ಬೂಟ್ ಮೇಲೆ ಕೂದಲೆಳೆಯಂಥ ಗೆರೆ ಕಂಡರೆ ಕಿಡಿ ಪ್ಲಗ್ಗಿಗೆ ಹೋಗದೆ ಆ ದಾರಿಯಲ್ಲಿ ಎಂಜಿನ್ನಿನ ಲೋಹಕ್ಕೆ ಜಿಗಿಯುತ್ತಿದೆ.

ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಾದರೆ ಇಲಿ ಕಡಿದ ವೈರು ಹುಡುಕಿ. ಕನೆಕ್ಟರ್ ಹಿಂದಿನ ಒಂದು ಗೇಣು ವೈರನ್ನು ಎಂಜಿನ್ ಓಡುವಾಗ ಮೆಲ್ಲಗೆ ಅಲುಗಿಸಿದರೆ, ಒಳಗೆ ತುಂಡಾಗಿದ್ದರೆ ಎಂಜಿನ್ನಿನ ಸದ್ದು ಬದಲಾಗುತ್ತದೆ. ಕೈ ಫ್ಯಾನ್ ಬೆಲ್ಟಿನಿಂದ ದೂರವಿರಲಿ. ಕಾಯಿಲ್ ಬೂಟನ್ನು ಮಾತ್ರ ಓಡುವಾಗ ಮುಟ್ಟಬೇಡಿ, ಅಲ್ಲಿರುವುದು ಸಾವಿರಾರು ವೋಲ್ಟ್.

ಸ್ಥಾನ ಬದಲಿಸಿ ನೋಡುವುದು

ಇಡೀ ತಪಾಸಣೆಯಲ್ಲಿ ಪೈಸೆ ಖರ್ಚಿಲ್ಲದೆ ಅತಿ ಹೆಚ್ಚು ಮಾಹಿತಿ ಕೊಡುವ ಕೆಲಸ ಇದು. ಪಿ0303 ಬಂದಿದೆ ಎಂದುಕೊಳ್ಳಿ. 3ನೇ ಸಿಲಿಂಡರಿನ ಕಾಯಿಲ್ಲನ್ನು 2ಕ್ಕೆ, 2ರದ್ದನ್ನು 3ಕ್ಕೆ ಹಾಕಿ. ಈಗ ಕೋಡ್ ಅಳಿಸಿ, ಮಿಸ್ಸಿಂಗ್ ಬರುತ್ತಿದ್ದಂಥ ಪರಿಸ್ಥಿತಿಯಲ್ಲೇ ಓಡಿಸಿ. ಏರಿನಲ್ಲಿ ಬರುತ್ತಿದ್ದರೆ ಏರಿನಲ್ಲೇ ಓಡಿಸಬೇಕು, ಮನೆ ಮುಂದೆ ಐಡ್ಲಿಂಗ್‌ನಲ್ಲಿ ಬಿಟ್ಟರೆ ಏನೂ ತಿಳಿಯದು. ಪಿ0302 ಬಂದರೆ ಕಾಯಿಲ್ಲೇ ಕಳ್ಳ. ಪಿ0303 ಅಲ್ಲೇ ಉಳಿದರೆ ಪ್ಲಗ್‌ಗಳನ್ನು ಹೀಗೇ ಅದಲುಬದಲು ಮಾಡಿ. ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಕೋಡ್ ಜಾಗ ಬದಲಿಸಿದರೂ ಕಾರಣ ಕಾಯಿಲ್ಲೋ ಪ್ಲಗ್ಗೋ ತಿಳಿಯುವುದಿಲ್ಲ.

ಹಳೆಯ ಕೆಲವು ಕಾರುಗಳಲ್ಲಿ 1–4ಕ್ಕೆ ಒಂದು, 2–3ಕ್ಕೆ ಒಂದು ಕಾಯಿಲ್ ಇರುತ್ತದೆ. ಅಲ್ಲಿ ಜೋಡಿ ಸಿಲಿಂಡರ್ ಎರಡೂ ಮಿಸ್ ಆದರೆ ಕಾಯಿಲ್, ಒಂದೇ ಆದರೆ ಪ್ಲಗ್ ಅಥವಾ ಪ್ಲಗ್ ವೈರ್.

ಪ್ಲಗ್ ಬಿಚ್ಚಿದಾಗ ನಾಲ್ಕನ್ನೂ ಸಿಲಿಂಡರ್ ಕ್ರಮದಲ್ಲೇ ಸಾಲಾಗಿ ಇಟ್ಟು ನೋಡಿ. ತಿಳಿಕಂದು ಬಣ್ಣ ಸರಿ. ಒಣ ಕಪ್ಪು ಮಸಿ ಪೆಟ್ರೋಲ್ ಜಾಸ್ತಿಯಾಗಿದ್ದರ ಗುರುತು. ಪೆಟ್ರೋಲಿನಲ್ಲಿ ತೊಯ್ದಿದ್ದರೆ ಸ್ಪಾರ್ಕ್ ಬಂದಿಲ್ಲ. ಜಿಡ್ಡು ಕಪ್ಪು ಅಂದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ. ಮೂರು ಕಂದಾಗಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಬಿಳಿಚಿದ್ದರೆ ಆ ಸಿಲಿಂಡರಿಗೆ ಕೂಲಂಟ್ ಇಳಿಯುತ್ತಿರಬಹುದು. ಕೂಲಂಟ್ ಮಟ್ಟ ಕಡಿಮೆಯಾಗುತ್ತಿದ್ದು, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೆಲ ಸೆಕೆಂಡು ಮಾತ್ರ ಮಿಸ್ ಹೊಡೆದರೆ ಹೆಡ್ ಗ್ಯಾಸ್ಕೆಟ್ ಮೇಲಿನ ಅನುಮಾನ ಗಟ್ಟಿ.

ಪ್ಲಗ್ ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ ಅಳೆಯಲು ಫೀಲರ್ ಗೇಜ್ ಬೇಕು. ಎನ್‌ಜಿಕೆ ಪ್ಲಗ್‌ನ ಸಂಖ್ಯೆಯ ಕೊನೆಯಲ್ಲಿ 10 ಇದ್ದರೆ 1.0 ಮಿ.ಮೀ., 11 ಇದ್ದರೆ 1.1 ಮಿ.ಮೀ. ತುದಿ ಸವೆದು ಗ್ಯಾಪ್ ಹಿಗ್ಗಿದರೆ ಕಾಯಿಲ್ ಮೇಲೆ ಒತ್ತಡ ಹೆಚ್ಚುತ್ತದೆ. ಒಂದರ ಹಿಂದೊಂದು ಕಾಯಿಲ್ ಸುಡಲು ಇದೂ ಒಂದು ಕಾರಣ. ವಾಷರ್ ಇರುವ ಹೊಸ ಪ್ಲಗ್ಗನ್ನು ಬೆರಳಲ್ಲೇ ಕೊನೆಯವರೆಗೆ ತಿರುಗಿಸಿ, ಆಮೇಲೆ ಸ್ಪ್ಯಾನರ್‌ನಲ್ಲಿ ಅರ್ಧದಿಂದ ಮುಕ್ಕಾಲಿಗೆ ಸ್ವಲ್ಪ ಕಡಿಮೆ ಸುತ್ತು ಬಿಗಿಯಿರಿ. ಟಾರ್ಕ್ ರೆಂಚ್ ಇದ್ದರೆ 14 ಮಿ.ಮೀ. ಥ್ರೆಡ್ಡಿಗೆ 25–30, 12 ಮಿ.ಮೀ. ಥ್ರೆಡ್ಡಿಗೆ 15–20 ನ್ಯೂಟನ್ ಮೀಟರ್. ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ನಕಲಿ ಪ್ಲಗ್‌ಗಳೂ ಓಡಾಡುತ್ತಿವೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೇ ಕೊಂಡರೂ ಬಿಲ್ ಕೇಳಿ.

ಸ್ಪಾರ್ಕ್ ಸರಿಯಿದ್ದರೆ ಇಂಧನ

ಬಹುಪಾಲು ಇಂಜೆಕ್ಟರ್‌ಗಳ ಎರಡು ಪಿನ್ ನಡುವೆ ಮಲ್ಟಿಮೀಟರ್ 11ರಿಂದ 16 ಓಮ್ ತೋರಿಸುತ್ತದೆ. ನಾಲ್ಕೂ ಹತ್ತಿರಹತ್ತಿರ ಇರಬೇಕು. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಇಂಜೆಕ್ಟರ್ ಕನೆಕ್ಟರ್‌ಗಳನ್ನು ಒಂದೊಂದಾಗಿ ಕಿತ್ತು ಮರಳಿ ಹಾಕಿ. ಯಾವುದನ್ನು ಕಿತ್ತಾಗ ಎಂಜಿನ್ನಿನ ಆರ್‌ಪಿಎಂ ಇಳಿಯುವುದಿಲ್ಲವೋ ಆ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ. ಕೆಲವರು ಕಾಯಿಲ್ ಕಿತ್ತು ಇದೇ ಪರೀಕ್ಷೆ ಮಾಡುತ್ತಾರೆ. ಆಗ ಹಸಿ ಪೆಟ್ರೋಲ್ ನೇರ ಕನ್ವರ್ಟರ್‌ಗೆ ಹೋಗುತ್ತದೆ, ಬೇಡ.

ಸಿಎನ್‌ಜಿ ಇರುವ ಕಾರಿನ ಮಾಲೀಕರಿಗೆ ಒಂದು ಅನುಕೂಲವಿದೆ: ಸ್ವಿಚ್ ಒತ್ತಿ ಎರಡರಲ್ಲೂ ಓಡಿಸಿ ನೋಡಬಹುದು. ಪೆಟ್ರೋಲಿನಲ್ಲಿ ಮಾತ್ರ ಮಿಸ್ ಆದರೆ ಬಳಸದೆ ಕಟ್ಟಿಕೊಂಡ ಇಂಜೆಕ್ಟರ್ ಅಥವಾ ಪಂಪ್. ಗ್ಯಾಸಿನಲ್ಲಿ ಮಾತ್ರ ಆದರೆ ಮೊದಲು ಪ್ಲಗ್ ಮತ್ತು ಕಾಯಿಲ್, ಏಕೆಂದರೆ ಸಿಎನ್‌ಜಿ ಹೊತ್ತಿಸಲು ಹೆಚ್ಚು ವೋಲ್ಟೇಜ್ ಬೇಕು. ಆಮೇಲೆ ಗ್ಯಾಸ್ ಫಿಲ್ಟರ್. ಎರಡರಲ್ಲೂ ಆದರೆ ಸ್ಪಾರ್ಕ್ ಅಥವಾ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ.

ಪಿ0300 ಜೊತೆ ಪಿ0171 (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ) ಬಂದಿದ್ದರೆ ಸ್ಕ್ಯಾನರ್‌ನಲ್ಲಿ ಫ್ಯುಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ, ತೆರೆದು ಶಾರ್ಟ್, ಲಾಂಗ್ ಎರಡನ್ನೂ ಕೂಡಿಸಿ. ಐಡ್ಲಿಂಗ್‌ನಲ್ಲಿ ಶೇ 20ರ ಆಸುಪಾಸು ಹೆಚ್ಚಿದ್ದು 2,500 ಆರ್‌ಪಿಎಂನಲ್ಲಿ ಸೊನ್ನೆಯತ್ತ ಇಳಿದರೆ ಎಲ್ಲೋ ಗಾಳಿ ಕದ್ದು ಒಳಬರುತ್ತಿದೆ. ಪಿಸಿವಿ (ಎಂಜಿನ್ ಒಳಗಿನ ಆವಿ ಮರಳಿ ಸೇರಿಸುವ) ಹೋಸ್, ಬ್ರೇಕ್ ಬೂಸ್ಟರ್ ಹೋಸ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ನೋಡಿ. ಐಡ್ಲಿಂಗ್‌ನಲ್ಲಿ ಸರಿಯಿದ್ದು ಲೋಡ್ ಬಿದ್ದಂತೆ ಏರಿದರೆ ಪಂಪ್ ಅಥವಾ ಫಿಲ್ಟರ್ ಸೋಲುತ್ತಿದೆ, ಇಂಧನ ಒತ್ತಡ ಅಳೆಸಿ. ಎಲ್ಲಕ್ಕೂ ಶೇ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು ದೂರುವವರು ಇದನ್ನು ಗಮನಿಸಬೇಕು: ಇ10ರಿಂದ ಇ20ಗೆ ಬಂದರೆ ಬೇಕಾಗುವ ಹೆಚ್ಚುವರಿ ಇಂಧನ ಸುಮಾರು ಶೇ 4 ಮಾತ್ರ. ಶೇ 20ರ ಟ್ರಿಮ್‌ಗೆ ಬೇರೆಯೇ ಕಾರಣವಿದೆ.

ಕೊನೆಯದು ಕಂಪ್ರೆಷನ್

ಎಂಜಿನ್ ಬಿಸಿ ಮಾಡಿ, ನಿಲ್ಲಿಸಿ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆಯಿರಿ. ಕಾಯಿಲ್, ಇಂಜೆಕ್ಟರ್ ಕನೆಕ್ಟರ್‌ಗಳನ್ನು ಕಿತ್ತು ನಾಲ್ಕೂ ಪ್ಲಗ್ ಬಿಚ್ಚಿ. ಬಿಸಿ ಹೆಡ್ಡಿನಲ್ಲಿ ಪ್ಲಗ್ ಬಿಗಿಯೆನಿಸಿದರೆ ಬಲ ಹಾಕದೆ ಸ್ವಲ್ಪ ತಣಿಯಲು ಬಿಡಿ. ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು, ಪ್ರತಿ ಸಿಲಿಂಡರಿಗೂ ಗೇಜ್ ಮುಳ್ಳು ಐದಾರು ಸಲ ನೆಗೆಯುವಷ್ಟು. ಹೆಚ್ಚಿನ ಎಂಜಿನ್‌ಗಳಲ್ಲಿ 170ರಿಂದ 200 ಪಿಎಸ್‌ಐ ಬರುತ್ತದೆ. ಅತಿ ಕಡಿಮೆಯದು ಅತಿ ಹೆಚ್ಚಿನದರ ಮುಕ್ಕಾಲಿಗಿಂತ ಕೆಳಗಿದ್ದರೆ ಆ ಸಿಲಿಂಡರಿಗೆ ಒಂದು ಚಮಚ, ಅಂದರೆ 5 ಮಿ.ಲೀ. ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಮೇಲೆ ಅನುಮಾನ ಪಡಿ. ಬಹುಕಾಲ ಸಿಎನ್‌ಜಿಯಲ್ಲಿ ಓಡಿದ ಎಂಜಿನ್ನಾದರೆ ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್ ಮೇಲೆ ಬಿಟ್ಟ ಸಂದು) ಅಳೆಸಿ, ವಾಲ್ವ್ ಸೀಟ್ ಸವೆದು ಅದು ಬಿಗಿಯಾಗಿರಬಹುದು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆಯಿದ್ದರೆ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ.

ರಿಪೇರಿ ಮುಗಿದ ಮೇಲೆ ಕೋಡ್ ಅಳಿಸಿ, ಮಾನಿಟರ್‌ಗಳು ರೆಡಿ ಆಗುವವರೆಗೆ ಓಡಿಸಿ, ಇನ್ನೂ ಖಚಿತವಾಗದ ದೋಷಗಳಿರುವ ಪೆಂಡಿಂಗ್ ಕೋಡ್ ಪುಟವನ್ನೂ ನೋಡಿ. ಡಿಪ್‌ಸ್ಟಿಕ್ ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ ಆಯಿಲ್ ತೆಳುವಾಗಿದೆ, ಫಿಲ್ಟರ್ ಸಮೇತ ಬದಲಿಸಿ. ಆಮೇಲೆ ಪಿ0420 (ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಕೋಡ್) ಕಾಣಿಸಿಕೊಂಡರೆ ಕನ್ವರ್ಟರ್‌ಗೆ ಆಗಲೇ ಪೆಟ್ಟು ಬಿದ್ದಿರಬಹುದು. ಆದರೂ ಬದಲಿಸುವ ಮೊದಲು ಸೈಲೆನ್ಸರ್ ಲೀಕ್ ಮತ್ತು ಹಿಂದಿನ ಆಕ್ಸಿಜನ್ ಸೆನ್ಸರ್ ತಪಾಸಿಸಿ.