ಹಳೇ ಟಾರ್ಗೆಟ್ ರೈಫಲ್ ಬ್ಯಾರಲ್: ಕೂರಿಸುವ ಮೊದಲು ಅಳೆಯಿರಿ

ಹಳೇ ಟಾರ್ಗೆಟ್ ರೈಫಲ್ಲಿನ ಬ್ಯಾರಲ್ ಸಿಕ್ಕಿದೆ, ಅದನ್ನು ನಿಮ್ಮ ರೈಫಲ್ಲಿನ ಆಕ್ಷನ್ನಿಗೆ (ತೋಟಾ ತುಂಬಿ ಹಾರಿಸುವ ಯಂತ್ರಭಾಗ) ಕೂರಿಸುವ ಆಸೆ ಇದೆ ಅಂದರೆ, ಮೇಲೆ ಕೆತ್ತಿದ್ದನ್ನು ಓದಿ ಅಲ್ಲಿಗೇ ನಿಲ್ಲಬೇಡಿ. ಹಳೇ ಬ್ಯಾರಲ್ಲಿನ ಚೇಂಬರನ್ನು, ಅಂದರೆ ತೋಟಾ ಕೂರುವ ಹಿಂಬದಿಯ ಗೂಡನ್ನು, ಯಾರೋ ಬೇರೆ ತೋಟಾಕ್ಕೆ ಕೊರೆದಿರಬಹುದು, ಗುರುತು ಮಾತ್ರ ಮೊದಲಿನದೇ ಇರುತ್ತದೆ. ಇನ್ನೊಂದು ವಿಷಯ, ಹಲವು ದೇಶಗಳಲ್ಲಿ ಬರೀ ಬ್ಯಾರಲ್ ಇಟ್ಟುಕೊಳ್ಳಲೂ ಲೈಸೆನ್ಸ್ ಬೇಕು. ಕಾಗದಪತ್ರ ಮೊದಲು ಸರಿ ಮಾಡಿಕೊಳ್ಳಿ.

ಮೊದಲು ಗುರುತುಗಳನ್ನು ನೋಡಿ. ಎಣ್ಣೆ ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಮರಳು ಕಾಗದ ಮಾತ್ರ ಮುಟ್ಟಿಸಬೇಡಿ, ಉಜ್ಜಿದರೆ ಗುರುತೂ ಹೋಗುತ್ತದೆ. ಕಿರೀಟದ ಕೆಳಗೆ ಬಿಎನ್‌ಪಿ ಅಂತಿದ್ದರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಮುದ್ರೆ, ಅಂದರೆ ಒತ್ತಡ ತಡೆಯುತ್ತದಾ ಅಂತ ಪರೀಕ್ಷಿಸಿದ ಗುರುತು. ಜಿಂಕೆ ಕೊಂಬು ಇದ್ದರೆ ಜರ್ಮನಿಯ ಉಲ್ಮ್‌ನದು. ಅದರ ಪಕ್ಕದ ಎರಡು ಅಕ್ಷರ ವರ್ಷ ಹೇಳುತ್ತವೆ: ಎ ಅಂದರೆ 0, ಬಿ ಅಂದರೆ 1, ಹೀಗೇ ಸಾಗಿ, ಜೆ ಬಿಟ್ಟು, ಕೆ ಅಂದರೆ 9. ಹಾಗಾಗಿ ಎಚ್‌ಸಿ ಅಂದರೆ 1972.

ಆಮೇಲೆ ರೈಫಲಿಂಗಿನ (ಬ್ಯಾರಲ್ಲಿನ ಒಳಗಿನ ಸುರುಳಿ ಗೀರುಗಳ) ತಿರುವು. ಹಿಡಿ ತಾನಾಗಿ ತಿರುಗುವ ಕ್ಲೀನಿಂಗ್ ರಾಡಿಗೆ ಬಿಗಿಯಾಗಿ ಬಟ್ಟೆ ಸುತ್ತಿ, ಒಳಗೆ ತಳ್ಳಿ, ರಾಡು ಪೂರ್ತಿ ಒಂದು ಸುತ್ತು ತಿರುಗಲು ಎಷ್ಟು ಇಂಚು ಹೋಯಿತು ಅಂತ ಅಳೆಯಿರಿ. .22 ಲಾಂಗ್ ರೈಫಲ್ ಅನ್ನೋ ತೋಟಾದ ಬ್ಯಾರಲ್ಲಿನಲ್ಲಿ ಸಾಮಾನ್ಯವಾಗಿ 16 ಇಂಚು. ಬ್ರಿಟಿಷ್ ಸೇನೆಯ ಹಳೇ ರೈಫಲ್ಲಾದ .303 ಲೀ-ಎನ್‌ಫೀಲ್ಡಿನಲ್ಲಿ 10 ಇಂಚು, ಅದೂ ಎಡಕ್ಕೆ. ಗುಂಡು ಹೊರಬರುವ ಬಾಯಿಯ ಅಂಚನ್ನೂ ಇದೇ ಹೊತ್ತಿಗೆ ನೋಡಿಬಿಡಿ. ಹತ್ತಿಯ ತುಂಡನ್ನು ಒಳಗಿನಿಂದ ಹೊರಕ್ಕೆ ಎಳೆದಾಗ ಎಳೆ ಸಿಕ್ಕಿಕೊಂಡರೆ ಅಂಚು ಗಾಯವಾಗಿದೆ ಅಂತ ಅರ್ಥ, ಗುರಿ ಚದುರಲು ಅಷ್ಟೇ ಸಾಕು.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಚೇಂಬರಿನ ಅಚ್ಚು. ಇದಕ್ಕೆ ಸೆರೋಸೇಫ್ ಅನ್ನೋ ಮಿಶ್ರಲೋಹ ಬಳಸುತ್ತಾರೆ, 70 ರಿಂದ 88 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಕರಗುತ್ತದೆ. ಚೇಂಬರನ್ನು ಚೆನ್ನಾಗಿ ಒರೆಸಿ, ಅದರ ಮುಂದೆ ಸ್ವಲ್ಪ ದೂರದಲ್ಲಿ ಬೋರಿಗೆ (ಬ್ಯಾರಲ್ಲಿನ ಒಳಗಿನ ತೂತಿಗೆ) ಬಟ್ಟೆ ತುರುಕಿ, ಬ್ಯಾರಲ್ಲನ್ನು ಬೆಚ್ಚಗೆ ಮಾಡಿಕೊಂಡು ನಿಧಾನವಾಗಿ ಸುರಿಯಿರಿ. ಈ ಲೋಹ ಮೊದಲ ಅರ್ಧ ಗಂಟೆ ಕುಗ್ಗುತ್ತದೆ, ಅಷ್ಟರೊಳಗೆ ಹೊರಗೆ ತೆಗೆಯಿರಿ. ಒಂದು ಗಂಟೆಯ ಹೊತ್ತಿಗೆ ಹಿಗ್ಗಿ ಚೇಂಬರಿನ ನಿಜ ಅಳತೆಗೆ ಬರುತ್ತದೆ, ಕ್ಯಾಲಿಪರ್ ಹಿಡಿಯಬೇಕಾದದ್ದು ಆಗ. ಕತ್ತಿನ ಅಗಲ, ಬುಡದ ಅಗಲ, ಉದ್ದ ಮೂರನ್ನೂ ಬರೆದಿಟ್ಟು, ತೋಟಾದ ಪ್ರಕಟಿತ ನಕ್ಷೆಯ ಜೊತೆ ಹೋಲಿಸಿ. ಲೀ-ಎನ್‌ಫೀಲ್ಡ್ ನಂ. 4ರ ಎಷ್ಟೋ ರೈಫಲ್‌ಗಳು .303 ಬಿಟ್ಟು 7.62 ಮಿ.ಮೀ. ತೋಟಾಕ್ಕೆ ಬದಲಾಗಿವೆ. ಹಾಗಾಗಿ ರೈಫಲ್ಲಿನ ಹೆಸರು ನೋಡಿ ತೋಟಾ ಆರಿಸುವ ಹಾಗೇ ಇಲ್ಲ, ಅಲ್ವಾ?

ಬ್ಯಾರಲ್ಲನ್ನು ಆಕ್ಷನ್ನಿಗೆ ತಿರುಗಿಸಿ ಕೂರಿಸುವ ಥ್ರೆಡ್ಡಿನ ವಿಷಯದಲ್ಲೂ ಅವಸರ ಬೇಡ. ಬ್ರಿಟಿಷ್ ವಿಟ್‌ವರ್ತ್ ಥ್ರೆಡ್ಡಿನ ಕೋನ 55 ಡಿಗ್ರಿ, ಮೆಟ್ರಿಕ್ ಮತ್ತು ಅಮೆರಿಕನ್ ಥ್ರೆಡ್ಡಿನದು 60. ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾದರೆ ಒತ್ತಿ ತಿರುಗಿಸಬೇಡಿ, ಥ್ರೆಡ್ ಗೇಜ್ ಇಟ್ಟು ನೋಡಿ. ಕೆಲವು ಬ್ಯಾರಲ್‌ಗಳಿಗೆ ಥ್ರೆಡ್ಡೇ ಇರುವುದಿಲ್ಲ, ಆಕ್ಷನ್ನಿನೊಳಗೆ ಒತ್ತಿ ಕೂರಿಸಿ ಅಡ್ಡ ಪಿನ್ ಹಾಕಿರುತ್ತಾರೆ.

ಅಳತೆ ಎಲ್ಲಾ ಕೂಡಿ ಬಂದಮೇಲೆ, ಕೂರಿಸುವ ಕೆಲಸ ಲೈಸೆನ್ಸ್ ಇರುವ ಗನ್‌ಸ್ಮಿತ್ ಕೈಯಲ್ಲೇ ಆಗಬೇಕು. ಹೆಡ್‌ಸ್ಪೇಸ್, ಅಂದರೆ ಬೋಲ್ಟ್ (ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ) ಮತ್ತು ಚೇಂಬರಿನಲ್ಲಿ ತೋಟಾ ತಡೆದು ನಿಲ್ಲುವ ಜಾಗದ ನಡುವಿನ ಅಂತರ, ನೂಲಿನಷ್ಟು ಹೆಚ್ಚಾದರೂ ತೋಟಾದ ಬುಡ ಸೀಳಿ ಬಿಸಿ ಅನಿಲ ಮುಖಕ್ಕೆ ಬಡಿಯಬಹುದು. ಈ ಅಂತರ ನೋಡುವ ಅಳತೆ ತುಂಡುಗಳೇ ಗೇಜ್‌ಗಳು: .22 ಲಾಂಗ್ ರೈಫಲ್ಲಿಗೆ ‘ಗೋ’ ಗೇಜ್ 1.09 ಮಿ.ಮೀ., ‘ನೋ-ಗೋ’ ಸುಮಾರು 1.17. ಮೊದಲನೆಯದಕ್ಕೆ ಬೋಲ್ಟ್ ಮುಚ್ಚಬೇಕು, ಎರಡನೆಯದಕ್ಕೆ ಮುಚ್ಚಬಾರದು. ಎಕ್ಸ್‌ಟ್ರಾಕ್ಟರಿನ (ಖಾಲಿ ಕೇಸನ್ನು ಹೊರಗೆಳೆಯುವ ಕೊಕ್ಕೆಯ) ಕಚ್ಚು ಸರಿಯಾದ ಜಾಗಕ್ಕೆ ಬಂದಿದೆಯಾ, ಸೈಟ್ ನೆಟ್ಟಗೆ ನಿಂತಿದೆಯಾ ಅನ್ನೋದನ್ನು ನಿಮ್ಮೆದುರೇ ತೋರಿಸಲು ಹೇಳಿ. ಪರೀಕ್ಷೆಯ ಗುಂಡುಗಳನ್ನು ಅವರೇ ಹಾರಿಸಲಿ. ಆಮೇಲೆ ಖಾಲಿ ಕೇಸುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ. ಎಲ್ಲಾದರೂ ಉಬ್ಬು ಅಥವಾ ರಿಮ್ಮಿನ (ಬುಡದ ಅಂಚಿನ) ಬಳಿ ಬಿರುಕು ಕಂಡರೆ ರೈಫಲ್ಲನ್ನು ಅಲ್ಲೇ ಬಿಚ್ಚಿಸಿ.