ಮಳೆ ಬಗ್ಗೆ ಮಾತಾಡೋಕೆ ಒಂದು ಕೌದಿ ಹೊಲಿಯಿರಿ

ಊರಲ್ಲಿ ಹವಾಮಾನ ಬದಲಾವಣೆ ಬಗ್ಗೆ ಸಭೆ ಮಾಡ್ತೀರಾ? ಮೊದಲು ಆ ಪದ ಬದಿಗಿಡಿ, ಮಳೆ ಬಗ್ಗೆ ಕೇಳಿ. ರೋಹಿಣಿ, ಮೃಗಶಿರ ಅಂತ ಮಳೆಯ ಲೆಕ್ಕ ಹಿಡಿದು ಬಿತ್ತಿದ ಹಿರಿಯರು ಗದಗ, ಹಾವೇರಿ ಕಡೆ ಈಗಲೂ ಇದ್ದಾರೆ, ಅವರೇ ಶುರು ಮಾಡಲಿ.

ಜತೆಗೆ ಕೈಗೆ ಕೆಲಸ ಬೇಕು. ನನ್ನ ಪ್ರಕಾರ ಕೌದಿಯಷ್ಟು ಒಳ್ಳೇದು ಬೇರೆ ಇಲ್ಲ, ಯಾಕಂದ್ರೆ ಕಣ್ಣು ಸೂಜಿ ಮೇಲಿದ್ದಾಗ ಯಾರೂ ವಾದಕ್ಕೆ ನಿಲ್ಲಲ್ಲ. ಪ್ರತಿಯೊಬ್ಬರೂ ಮನೆಯಿಂದ ಹಳೇ ಬಟ್ಟೆ ತುಂಡು ತರಲಿ, ಸೀರೆ ಸೆರಗು, ಧೋತರ, ಏನಾದ್ರೂ ಸರಿ. ಅದರ ಮೇಲೆ ತಾವು ಮರೆಯದ ಒಂದು ವರ್ಷವನ್ನು ದಾರದಲ್ಲಿ ಬಿಡಿಸಲಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನರಗುಂದ, ರೋಣದ ಕಡೆ ಗೋಡೆ ಮೇಲೆ ಉಳಿದ ನೀರಿನ ಗೆರೆ ಒಬ್ಬರದ್ದು, ನೀಲಿ ದಾರ. 2023ರ ಬರದಲ್ಲಿ ಒಣಗಿದ ಹೆಸರು ಬೆಳೆ ಇನ್ನೊಬ್ಬರದ್ದು, ಕಂದು ದಾರ.

ಹೊಲಿಯುತ್ತಾ ಕಥೆ ಹೇಳಲಿ. ನಡುವೆ ಯಾರೂ ತಿದ್ದಬಾರದು. "ಬರ ಮೊದಲೂ ಇತ್ತಲ್ರೀ" ಅಂತ ಯಾರಾದ್ರೂ ಅಂದೇ ಅಂತಾರೆ. ಹೌದು ಅನ್ನಿ, ಅದು ನಿಜ ಅಲ್ವಾ? ಆಮೇಲೆ "ಈಗ ಏನು ಬೇರೆ ಅನ್ನಿಸ್ತದ್ರೀ?" ಅಂತ ಕೇಳಿ, ಸುಮ್ನೆ ಕಾಯಿರಿ.

ಕಲ್ಲಿದ್ದಲು, ಪೆಟ್ರೋಲ್ ಸುಟ್ಟು ಭೂಮಿ 1 ಡಿಗ್ರಿಗೂ ಜಾಸ್ತಿ ಬಿಸಿಯಾಗಿದೆ, ಬಿಸಿ ಗಾಳಿ ಹೆಚ್ಚು ತೇವ ಹಿಡಿದುಕೊಂಡು ಒಮ್ಮೆಲೇ ಸುರಿಸುತ್ತದೆ ಅನ್ನೋದನ್ನು ಕಥೆಗಳೆಲ್ಲ ಮುಗಿದ ಮೇಲೆ ಹೇಳಿ. ಆಗ ಜನ ಕೇಳುತ್ತಾರೆ.

ತುಂಡು ಜೋಡಿಸುವಾಗ ನೆರೆ ನೀರಿನ ತುಂಡಿನ ಪಕ್ಕ ಬರದ ತುಂಡು ಇಡಿ. ಗ್ರಾಮಸಭೆ ದಿನ ಕೌದಿಯನ್ನು ಗೋಡೆಗೆ ತೂಗುಹಾಕಿ, ಕೆರೆ ಹೂಳು, ಕೃಷಿ ಹೊಂಡದ ಮಾತನ್ನು ಅದರ ಮುಂದೆಯೇ ಎತ್ತಿ.