ಕೊಡಚಾದ್ರಿಗೆ ಹೊರಡುವ ಮೊದಲು ಬ್ಯಾಗಿಗೆ ಭಾರ ತುಂಬಿ ನೋಡಿ

ಅಂಗಡಿಯಲ್ಲಿ ಖಾಲಿ ಬ್ಯಾಗು ಹೆಗಲಿಗೇರಿಸಿದರೆ ಯಾವುದಾದರೂ ಹಿತವೇ. ಹಿಡ್ಲುಮನೆ ಜಲಪಾತದ ಪಕ್ಕದ ಏರುದಾರಿಯಲ್ಲಿ ಹೆಗಲು ಉರಿಯತೊಡಗಿದ ಮೇಲೆ ತಪ್ಪು ತಿಳಿದು ಪ್ರಯೋಜನವಿಲ್ಲ. ಪರೀಕ್ಷೆ ಮನೆಯಲ್ಲೇ ಆಗಲಿ.

ಮೊದಲು ಬೆನ್ನಿನ ಅಳತೆ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬುವ ಮೂಳೆಯಿಂದ, ಸೊಂಟದ ಎರಡೂ ಬದಿಯ ಮೂಳೆಗಳ ಮೇಲಂಚನ್ನು ಸೇರಿಸುವ ಗೆರೆಯವರೆಗೆ ಇನ್ನೊಬ್ಬರು ಟೇಪು ಹಿಡಿಯಲಿ. ನಿಮ್ಮ ಎತ್ತರ ನೋಡಿ ಬ್ಯಾಗು ಆರಿಸಬೇಡಿ. ಎತ್ತರದವರಿಗೂ ಬೆನ್ನು ಗಿಡ್ಡವಿರಬಹುದು.

ಭಾರ ದೇಹದ ತೂಕದ ಐದನೇ ಒಂದು ಪಾಲು ಸಾಕು. 60 ಕಿಲೋ ತೂಗುವವರಿಗೆ 12 ಕಿಲೋ: 5 ಕಿಲೋ ಅಕ್ಕಿ ಚೀಲ, ಒಂದು ಲೀಟರಿನ 5 ನೀರಿನ ಬಾಟಲಿ, ಉಳಿದದ್ದು ಬ್ಯಾಗು ಮತ್ತು ಬಟ್ಟೆ. ತಳದಲ್ಲಿ ಹೊದಿಕೆ, ಅದರ ಮೇಲೆ ಬೆನ್ನಿಗೆ ಒತ್ತಿ ಅಕ್ಕಿ, ಸುತ್ತ ಬಟ್ಟೆಯಲ್ಲಿ ಸುತ್ತಿದ ಬಾಟಲಿ. ಅಕ್ಕಿ ಬೆನ್ನಿನಿಂದ ದೂರ ಸರಿದರೆ ಬ್ಯಾಗು ಹಿಂದಕ್ಕೆ ಜಗ್ಗುತ್ತದೆ, ನೀವು ಮುಂದಕ್ಕೆ ಬಾಗುತ್ತೀರಿ, ನಡು ನೋಯುತ್ತದೆ.

ಪಟ್ಟಿಗಳನ್ನೆಲ್ಲ ಸಡಿಲಿಸಿ ಬ್ಯಾಗು ಹಾಕಿಕೊಳ್ಳಿ. ಸೊಂಟಪಟ್ಟಿಯ ನಡುಭಾಗ ಸೊಂಟದ ಮೂಳೆಯ ಮೇಲಂಚಿನ ಮೇಲೆ ಕೂರುವಂತೆ ಮೊದಲು ಅದನ್ನು ಬಿಗಿಯಿರಿ. ಆಮೇಲೆ ಹೆಗಲಪಟ್ಟಿ, ನಂತರ ಹೆಗಲ ಮೇಲಿಂದ ಬ್ಯಾಗಿನ ತಲೆಗೆ ಹೋಗುವ ಸಣ್ಣ ಪಟ್ಟಿ (ಸುಮಾರು 45 ಡಿಗ್ರಿ ಓರೆ ಇದ್ದರೆ ಸರಿ), ಕೊನೆಗೆ ಎದೆಪಟ್ಟಿ. ಈಗ ಹೆಗಲಪಟ್ಟಿಯನ್ನು ಕೊಂಚ ಸಡಿಲಿಸಿ. ಬ್ಯಾಗು ಸೊಂಟದ ಮೇಲೇ ನಿಂತರೆ ಗೆದ್ದಿರಿ. ಕೆಳಗೆ ಜಾರಿದರೆ ಸೊಂಟಪಟ್ಟಿಯ ಮುಂಭಾಗ ನೋಡಿ: ಎರಡೂ ಬದಿಯ ಮೆತ್ತೆಗಳು ಒಂದಕ್ಕೊಂದು ತಾಗಿದ್ದರೆ ಇನ್ನು ಬಿಗಿಯಲು ಜಾಗವಿಲ್ಲ, ಚಿಕ್ಕ ಸೊಂಟಪಟ್ಟಿ ಬೇಕು. ಹೆಗಲು ಮತ್ತು ಪಟ್ಟಿಯ ನಡುವೆ ಸಂದು ಕಂಡರೆ ಬ್ಯಾಗಿನ ಬೆನ್ನು ಉದ್ದ. ಸೊಂಟಪಟ್ಟಿ ಹೊಟ್ಟೆಗೇರಿದರೆ ಗಿಡ್ಡ.

ಅರ್ಧ ಗಂಟೆ ಮೆಟ್ಟಿಲು ಹತ್ತಿಳಿಯಿರಿ. ಇಳಿಯುವಾಗ ಬ್ಯಾಗು ಅತ್ತಿತ್ತ ತೂಗಿದರೆ ಭಾರ ತೀರಾ ಮೇಲಿದೆ. ಬೆರಳು ಜುಮ್ಮೆಂದರೆ ಹೆಗಲಪಟ್ಟಿ ಕಂಕುಳಲ್ಲಿ ಒತ್ತುತ್ತಿದೆ, ತಕ್ಷಣ ಸಡಿಲಿಸಿ. ಹೆಗಲಷ್ಟೇ ನೋಯುತ್ತಿದ್ದರೆ ಸೊಂಟಪಟ್ಟಿ ಕೆಲಸ ಮಾಡುತ್ತಿಲ್ಲ.

ಇಷ್ಟಕ್ಕೇ ನಿಲ್ಲಿಸಬೇಡಿ, ನಮ್ಮ ಕಡೆ ಮಳೆಯದೇ ಬೇರೆ ಲೆಕ್ಕ. ಪಟ್ಟಿಗಳ ಮೇಲೆ ನೀರು ಸುರಿದು ಮತ್ತೊಮ್ಮೆ ಹತ್ತಿ; ನೈಲಾನ್ ನೆಂದರೆ ಹಿಗ್ಗುತ್ತದೆ, ದಾರಿಯಲ್ಲಿ ಮತ್ತೆ ಬಿಗಿಯಬೇಕಾಗುತ್ತದೆ. ರೇನ್‌ಕವರ್ ಬೆನ್ನಿನ ಕಡೆ ಮುಚ್ಚುವುದಿಲ್ಲ, ಹಾಗಾಗಿ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇರಲಿ. ರೇನ್‌ಕೋಟು ಹಾಕಿಯೂ ಪರೀಕ್ಷಿಸಿ: ನುಣುಪು ಬಟ್ಟೆಯ ಮೇಲೆ ಸೊಂಟಪಟ್ಟಿ ಜಾರುತ್ತದೆ. ಕೋಟಿನ ಅಂಚು ಎತ್ತಿ, ಪಟ್ಟಿಯನ್ನು ಅದರಡಿ ಅಂಗಿಯ ಮೇಲೆಯೇ ಕಟ್ಟಿ.